ಹ್ಯಾವ್ ಎಂದರೆ ಹೊಂದಿರು ಅಲ್ಲ

ಪುಣೆಯ ಯಾವುದೋ ಕಚೇರಿಯಲ್ಲಿ ಕೆಲಸದ ಸಂದರ್ಶನ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಮೇಜಿನ ಈಚೆ ಕೂತ ಹುಡುಗಿ ಅಕ್ಕಲಕೋಟೆ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ. ಟ್ಯಾಲಿ ಗೊತ್ತು, ಜಿಎಸ್‌ಟಿ ರಿಟರ್ನ್ಸ್ ತುಂಬಲು ಗೊತ್ತು. ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಆಚೆಯವರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವಳು ತಡವರಿಸದೆ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎನ್ನುತ್ತಾಳೆ. ಯಾರೂ ನಗುವುದಿಲ್ಲ, ಮುಖದೆದುರು ನಗುವಷ್ಟು ಒರಟರು ಈಗ ಕಡಿಮೆ. ‘ಕಮ್ಯುನಿಕೇಶನ್’ ಎಂದು ಬರೆದ ಚೌಕದಲ್ಲಿ ಒಂದು ಸಣ್ಣ ಅಂಕಿ ಬೀಳುತ್ತದೆ, ಅಷ್ಟೆ. ಆ ಅಂಕಿ ಅವಳ ಲೆಕ್ಕಪತ್ರದ ತಿಳಿವಳಿಕೆಗಿಂತ ಭಾರವಾಗಿಬಿಡುತ್ತದೆ.

ಹೊರಗೆ ಬಂದ ಮೇಲೆ ಗೆಳತಿಯೊಬ್ಬಳು ಹೇಳಬಹುದು: ‘ಐ ಹ್ಯಾವ್ ಅನ್ನಬೇಕಿತ್ತು ಕಣೆ, ಹ್ಯಾವಿಂಗ್ ಅನ್ನಬಾರದು.’ ಯಾಕೆ ಅನ್ನಬಾರದು ಎಂದು ಕೇಳಿದರೆ ಗೆಳತಿಗೂ ಗೊತ್ತಿಲ್ಲ. ಹೆಚ್ಚಿನ ಮೇಷ್ಟರಿಗೂ ಗೊತ್ತಿಲ್ಲ. ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಪುಸ್ತಕದಲ್ಲಿ ಸಾಮಾನ್ಯವಾಗಿ ‘ಇಂಗ್’ ಹಚ್ಚಬಾರದ ಕ್ರಿಯಾಪದಗಳ ಪಟ್ಟಿಯಿದೆ. ಅದನ್ನು ಉರುಹೊಡೆಯಿರಿ ಎಂಬಲ್ಲಿಗೆ ಪಾಠ ಮುಗಿಯಿತು. ಆದರೆ ಅದೇ ಹುಡುಗಿ ನಾಳೆ ಕ್ಯಾಂಟೀನಿನಲ್ಲಿ ‘ಐ ಆಮ್ ಹ್ಯಾವಿಂಗ್ ಲಂಚ್’ ಎಂದರೆ ಅದು ಅಪ್ಪಟ ಇಂಗ್ಲಿಷು. ಪಟ್ಟಿ ಉರುಹೊಡೆದವಳು ಅದನ್ನೂ ಹೇಳಲು ಹೆದರುತ್ತಾಳೆ.

ತಪ್ಪು ಅವಳದಲ್ಲ. ಅವಳ ಐದನೆಯದೋ ಆರನೆಯದೋ ತರಗತಿಯ ನೋಟುಪುಸ್ತಕದಲ್ಲಿ, ಕೆಂಪು ಗೆರೆಯ ಎಡಕ್ಕೆ ‘ಹ್ಯಾವ್’ ಎಂದೂ ಬಲಕ್ಕೆ ‘ಹೊಂದಿರು’ ಎಂದೂ ಯಾರೋ ಬರೆಸಿದ್ದರಲ್ಲ, ತಪ್ಪು ಅಲ್ಲಿದೆ. ತಿಂಗಳಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲೂ ಅದೇ, ಪದಪಟ್ಟಿಯ ಚಾರ್ಟುಗಳಲ್ಲೂ ಅದೇ, ಈಗ ಫೋನಿನ ಅನುವಾದದಲ್ಲೂ ಅದೇ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ನಾಲ್ಕೈದು ಕ್ರಿಯಾಪದಗಳಲ್ಲಿ ಒಂದನ್ನು, ಯಾವ ಕನ್ನಡದ ತಾಯಿಯೂ ಮಗುವಿನ ಹತ್ತಿರ ಆ ಅರ್ಥದಲ್ಲಿ ಆಡದ ಪದದ ಮೂಲಕ ಕಲಿಸಲಾಗುತ್ತಿದೆ.

ಹೊಂದು ಎಂಬ ಪದ ಕನ್ನಡದಲ್ಲಿ ಇಲ್ಲವೆಂದಲ್ಲ, ಚೆನ್ನಾಗಿಯೇ ಇದೆ. ಅತ್ತೆ ಸೊಸೆಗೆ ಹೊಂದುವುದಿಲ್ಲ. ಜಾತಕ ಹೊಂದುತ್ತದೆ. ರವಿಕೆಯ ಬಣ್ಣ ಸೀರೆಗೆ ಹೊಂದಬೇಕು. ಊರು ಬಿಟ್ಟು ಮುಂಬೈಗೆ ಬಂದವನು ಚಾಳಿನ ಒಂದು ಕೋಣೆಗೆ ಹೊಂದಿಕೊಳ್ಳಬೇಕು. ಗ್ರಾಂಥಿಕದಲ್ಲಿ ಏಳಿಗೆ ಹೊಂದುತ್ತಾರೆ, ಮರಣ ಹೊಂದುತ್ತಾರೆ. ಕೂಡು, ಒಗ್ಗು, ತಲುಪು, ಇಷ್ಟೇ ಆ ಪದದ ಜೀವ. ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಎಂದು ಯಾರಾದರೂ ಮನೆಯಲ್ಲಿ ಹೇಳಿದರೆ ಅಜ್ಜಿ ಹಣೆ ಮುಟ್ಟಿ ನೋಡಿಯಾಳು.

ಈ ಪದದ ಅಪಾಯ ಬರೀ ಕೃತಕತೆಯದಲ್ಲ. ‘ಹೊಂದಿದ್ದೇನೆ’ ಎಂಬುದನ್ನು ಬಿಡಿಸಿ ನೋಡಿ: ಹೊಂದಿ, ಇದ್ದೇನೆ. ‘ಐ ಆಮ್’ ಎಂದರೆ ‘ನಾನು ಇದ್ದೇನೆ’ ಎಂದು ಮಗು ಆಗಲೇ ಕಲಿತಿದೆ. ಹಾಗಿದ್ದ ಮೇಲೆ ಹೊಂದಿ-ಇದ್ದೇನೆ ಎಂಬುದಕ್ಕೆ ‘ಆಮ್ ಹ್ಯಾವಿಂಗ್’ ಎನ್ನದೆ ಇನ್ನೇನು ಹೇಳೀತು? ಕೊಟ್ಟ ಲೆಕ್ಕವನ್ನು ಮಗು ಸರಿಯಾಗಿಯೇ ಬಿಡಿಸಿದೆ. ಈ ತಪ್ಪಿಗೆ ಇದೊಂದೇ ಕಾರಣವಲ್ಲ, ನಿಜ. ಹೊಂದು ಎಂಬ ಪದವೇ ಇಲ್ಲದ ಹಿಂದಿಯವರೂ ಹ್ಯಾವಿಂಗ್ ಎನ್ನುತ್ತಾರೆ. ಆದರೆ ಕನ್ನಡದ ಮಗುವಿಗೆ ಮೇಷ್ಟರೇ ಆ ಹಳ್ಳದ ಕಡೆಗೆ ದಾರಿ ತೋರಿಸಿ, ಬಿದ್ದ ಮೇಲೆ ಅಂಕ ಕಳೆಯುತ್ತಾರೆ.

ಹಾಗಾದರೆ ಹ್ಯಾವ್‌ಗೆ ಕನ್ನಡದಲ್ಲಿ ಏನೆನ್ನಬೇಕು? ಒಂದು ಪದ ಇಲ್ಲ. ಇಲ್ಲ ಎಂದು ನೇರವಾಗಿ ಹೇಳಿಬಿಡುವುದೇ ಪಾಠದ ಮೊದಲ ಸಾಲಾಗಬೇಕು. ಕನ್ನಡದಲ್ಲಿ ವಸ್ತುವನ್ನು ಯಾರೂ ‘ಹ್ಯಾವ್’ ಮಾಡುವುದಿಲ್ಲ. ವಸ್ತು ಇರುತ್ತದೆ, ನನಗೆ ಇರುತ್ತದೆ, ಇಲ್ಲವೇ ನನ್ನ ಹತ್ತಿರ ಇರುತ್ತದೆ. ನನಗೆ ಇಬ್ಬರು ಅಣ್ಣಂದಿರಿದ್ದಾರೆ. ನನ್ನ ಹತ್ತಿರ ನೂರು ರೂಪಾಯಿ ಇದೆ. ಧಾರವಾಡದವರಾದರೆ ‘ನನ್ನ ಕಡೆ ನೂರು ರೂಪಾಯಿ ಅದ’ ಎಂದಾರು. ಎಲ್ಲ ಕಡೆ ಕೆಲಸ ಮಾಡುತ್ತಿರುವುದು ‘ಇರು’.

‘ಇರು’ ಎಂಬುದನ್ನು ಹಿಡಿದು ಮುಂದೆ ನಡೆದರೆ ಶಾಲೆಯಲ್ಲಿ ಯಾರೂ ಹೇಳದ ಒಂದು ಸಂಗತಿ ಸಿಗುತ್ತದೆ. ‘ಐ ಹ್ಯಾವ್ ಟೂ ಬ್ರದರ್ಸ್’ ಎಂಬಲ್ಲಿ ಕನ್ನಡಕ್ಕೆ ‘ಇದ್ದಾರೆ’. ‘ಐ ಹ್ಯಾವ್ ಕಮ್’ ಎಂಬಲ್ಲಿ ‘ಬಂದಿದ್ದೇನೆ’, ಅಂದರೆ ಬಂದು ಇದ್ದೇನೆ. ‘ಐ ಹ್ಯಾವ್ ಟು ಗೋ ಟು ಬೆಳಗಾವಿ ಟುಮಾರೊ’ ಎಂಬಲ್ಲಿ ‘ನಾಳೆ ಬೆಳಗಾವಿಗೆ ಹೋಗೋದಿದೆ’. ಇಂಗ್ಲಿಷಿನ ಒಂದು ಹ್ಯಾವ್ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ: ಒಡೆತನ ಹೇಳುತ್ತದೆ, ಮುಗಿದ ಕೆಲಸ ಹೇಳುತ್ತದೆ, ಮಾಡಲೇಬೇಕಾದದ್ದನ್ನು ಹೇಳುತ್ತದೆ. ವ್ಯಾಕರಣದ ಪುಸ್ತಕಗಳು ಇವನ್ನು ಮೂರು ಬೇರೆ ಅಧ್ಯಾಯಗಳಲ್ಲಿಟ್ಟು ಮಗುವನ್ನು ಮೂರು ಸಲ ಹೆದರಿಸುತ್ತವೆ. ಮೂರರಲ್ಲೂ ಕನ್ನಡ ಒಂದೇ ‘ಇರು’ವಿನಿಂದ ಕೆಲಸ ತೆಗೆಯುತ್ತದೆ. ಹೋಗಲೇಬೇಕು ಎಂದು ಒತ್ತಿ ಹೇಳುವಾಗ ‘ಬೇಕು’ ಬರುತ್ತದೆ, ಅದು ಬೇರೆ ಮಾತು. ಒಟ್ಟಿನಲ್ಲಿ ಇಂಗ್ಲಿಷ್ ‘ಹ್ಯಾವ್’ ಎಂದು ನಿಲ್ಲುವ ಮುಖ್ಯ ನಿಲ್ದಾಣಗಳಲ್ಲೆಲ್ಲ ಕನ್ನಡವೂ ನಿಲ್ಲುತ್ತದೆ, ಬೇರೆ ಹೆಸರಿನಲ್ಲಿ. ಇಷ್ಟು ದೊಡ್ಡ ಹೊಂದಾಣಿಕೆ ಕಣ್ಣೆದುರೇ ಇರುವಾಗ ಅದನ್ನು ಮುಚ್ಚಿಟ್ಟು ‘ಹೊಂದಿರು’ ಎಂದು ಬರೆಸುವುದು ಯಾವ ಬುದ್ಧಿವಂತಿಕೆ?

ಹ್ಯಾವ್ ಎಂಬಂಥ ಪದ ಇಲ್ಲದ್ದು ಕನ್ನಡದ ಕೊರತೆ ಎಂದು ಯಾರಿಗಾದರೂ ಅನ್ನಿಸಿದರೆ ಜಗತ್ತಿನ ಭಾಷೆಗಳ ಕಡೆ ಒಮ್ಮೆ ನೋಡಬೇಕು. ಲಿಯೋನ್ ಸ್ಟಾಸೆನ್ ಎಂಬ ಭಾಷಾವಿಜ್ಞಾನಿ 240 ಭಾಷೆಗಳಲ್ಲಿ ಒಡೆತನದ ವಾಕ್ಯ ಹೇಗಿದೆ ಎಂದು ನಕ್ಷೆ ಮಾಡಿದ್ದಾರೆ. ಹ್ಯಾವ್ ಥರದ ಕ್ರಿಯಾಪದ ಬಳಸುವ ಭಾಷೆಗಳು ಅದರಲ್ಲಿ 63, ಹೆಚ್ಚೂಕಡಿಮೆ ಕಾಲು ಭಾಗ. ಉಳಿದವು ‘ನನಗೆ ಇದೆ’, ‘ನನ್ನ ಬಳಿ ಇದೆ’, ‘ನನ್ನದು ಇದೆ’ ಮುಂತಾದ ದಾರಿ ಹಿಡಿದಿವೆ. ರಶ್ಯನ್ ಮಾತಾಡುವವರು ‘ನನ್ನ ಬಳಿ ಇದೆ’ ಎನ್ನುತ್ತಾರೆ, ಫಿನ್ನಿಶ್ ಮತ್ತು ಐರಿಶ್ ಕೂಡ ಅದೇ ಬಗೆ. ಫ್ರಾನ್ಸಿನ ಎಮಿಲ್ ಬೆನ್ವೆನಿಸ್ತ್ 1960ರ ಪ್ರಬಂಧವೊಂದರಲ್ಲಿ ಹ್ಯಾವ್ ಎಂಬ ಪದವೇ ಭಾಷೆಗಳ ನಡುವೆ ಅಪರೂಪದ್ದು ಎಂದು ವಾದಿಸಿದರು. ಇಂಗ್ಲಿಷಿನ ಹ್ಯಾವ್ ಕೂಡ ಬೇರಿನಲ್ಲಿ ‘ಹಿಡಿ’, ‘ಕೈಯಲ್ಲಿ ತೆಗೆದುಕೊ’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಕೈಯಲ್ಲಿ ಹಿಡಿಯುವ ಪದವನ್ನು ಹಿಗ್ಗಿಸಿ ಹಿಗ್ಗಿಸಿ ನೆಗಡಿ, ಅನುಮಾನ, ತಂಗಿ, ಮಂಗಳವಾರದ ಮೀಟಿಂಗು ಎಲ್ಲಕ್ಕೂ ಹೊದಿಸಿದ್ದಾರೆ. ವಿಚಿತ್ರವಾದದ್ದು ಯಾವುದು ಎಂದು ಕೇಳಿದರೆ ಇಂಗ್ಲಿಷಿನ ಕಡೆಗೇ ಬೆರಳು ತೋರಿಸಬೇಕಾಗುತ್ತದೆ.

ಅಷ್ಟು ದೂರವೂ ಹೋಗಬೇಕಿಲ್ಲ. ಚೆನ್ನೈಯಲ್ಲಿರುವ ಕನ್ನಡಿಗರು ದಿನಾ ಕೇಳುವ ತಮಿಳು ‘ಎನಕ್ಕು ರೆಂಡು ಅಣ್ಣಂಗ ಇರುಕ್ಕಾಂಗ’ ಎನ್ನುತ್ತದೆ, ದುಡ್ಡಿನ ವಿಷಯ ಬಂದರೆ ‘ಎನ್‌ಕಿಟ್ಟ’ ಎನ್ನುತ್ತದೆ. ಹೈದರಾಬಾದಿನ ತೆಲುಗು ‘ನಾಕು’, ‘ನಾ ದಗ್ಗರ’ ಎಂದು ಎರಡು ಮಾಡುತ್ತದೆ. ಪುಣೆಯ ಮರಾಠಿ ‘ಮಲಾ ದೋನ್ ಭಾವೂ ಆಹೇತ್’, ಆದರೆ ‘ಮಾಝ್ಯಾಕಡೆ ಪೈಸೆ ಆಹೇತ್’. ದೆಹಲಿಯ ಹಿಂದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೂರು ಮಾಡುತ್ತದೆ: ಅಣ್ಣಂದಿರಿಗೆ ‘ಮೇರೇ’, ದುಡ್ಡಿಗೆ ‘ಮೇರೇ ಪಾಸ್’, ಜ್ವರಕ್ಕೆ ‘ಮುಝೇ’. ಮುಂಬೈಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರ ತಲೆಮಾರು ನೆನಪಾಗಬೇಕು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಗಿರಾಕಿಯ ಹತ್ತಿರ ಹಿಂದಿ. ತುಳುವಿನಲ್ಲೂ ಮಕ್ಕಳಿರುವುದು ‘ಎಂಕ್’, ದುಡ್ಡಿರುವುದು ‘ಎನ್ನಡ’. ನಾಲ್ಕು ಭಾಷೆ ಆಡುವ ಆ ಹುಡುಗರಿಗೆ ಐದನೆಯದಾಗಿ ಇಂಗ್ಲಿಷ್ ಬಂದಾಗ, ಈ ನಾಲ್ಕರಲ್ಲೂ ಇಲ್ಲದ ಹೊಸ ಜಾತಿಯ ಕ್ರಿಯಾಪದವೊಂದು ಬರುತ್ತಿದೆ, ಸ್ವಲ್ಪ ನಿಂತು ನೋಡಿ ಎಂದು ಹೇಳುವ ಪಾಠವೊಂದು ಪಠ್ಯದಲ್ಲಿ ಬೇಡವಿತ್ತೇ?

‘ನನಗೆ’ ಮತ್ತು ‘ನನ್ನ ಹತ್ತಿರ’ ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂದರೆ ಹೆತ್ತವರ ಮಾತು. ‘ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ’ ಎಂದರೆ ಅಣ್ಣನ ಮಕ್ಕಳಿರಬಹುದು, ರಜೆಗೆ ಬಂದಿರಬಹುದು, ಓದಲಿಕ್ಕೆಂದು ತಂದಿಟ್ಟುಕೊಂಡಿರಬಹುದು. ‘ಐ ಹ್ಯಾವ್ ಟೂ ಚಿಲ್ಡ್ರನ್’ ಎಂಬುದರಲ್ಲಿ ಈ ಎರಡನೆಯ ಅರ್ಥ ತರಲು ‘ವಿತ್ ಮಿ’ ಎಂದು ಬಾಲ ಹಚ್ಚಬೇಕು. 1975ರ ದೀವಾರ್ ಚಿತ್ರದಲ್ಲಿ ಬಂಗಲೆ, ಕಾರು, ಬ್ಯಾಂಕಿನ ಹಣ ಎಂದು ಪಟ್ಟಿ ಓದುವ ಅಣ್ಣನಿಗೆ ಶಶಿ ಕಪೂರ್ ಕೊಡುವ ಉತ್ತರ ಇಡೀ ದೇಶಕ್ಕೆ ಗೊತ್ತು. ಆ ಉತ್ತರದ ಬಲವೆಲ್ಲ ‘ಪಾಸ್’ ಎಂಬ ಪುಟ್ಟ ಪದದಲ್ಲಿದೆ. ತಾಯಿ ಇಬ್ಬರಿಗೂ ತಾಯಿಯೇ; ಆದರೆ ಇರುವುದು ಮಾತ್ರ ಒಬ್ಬನ ಹತ್ತಿರ. ಇಂಗ್ಲಿಷಿನ ಬರೀ ಹ್ಯಾವ್‌ನಲ್ಲಿ ಅದನ್ನು ಹೇಳಿ ನೋಡಿದರೆ, ಇನ್ನೊಬ್ಬನಿಗೆ ತಾಯಿಯೇ ಇಲ್ಲವೇನೋ ಎನ್ನಿಸುತ್ತದೆ. ಇಷ್ಟು ನವುರಾದ ಭೇದವನ್ನು ನಾಲ್ಕು ವರ್ಷದ ಮಗು ಮನೆಯಲ್ಲೇ ಕಲಿತಿರುತ್ತದೆ. ಶಾಲೆಗೆ ಬಂದ ಮೇಲೆ ‘ಹೊಂದಿರು’ ಎಂಬ ಒಂದೇ ಬುಟ್ಟಿಗೆ ಎಲ್ಲವನ್ನೂ ಸುರಿಸಲಾಗುತ್ತದೆ.

ಕನ್ನಡ ವ್ಯಾಕರಣದ ಪಾಠವಾದರೂ ಇದನ್ನು ಹೇಳುತ್ತದೆಯೇ? ಅಲ್ಲಿ ಚತುರ್ಥಿ ಎಂದರೆ ಸಂಪ್ರದಾನ, ಅಂದರೆ ಯಾರಿಗೋ ಏನನ್ನೋ ಕೊಡುವುದು. ‘ನನಗೆ ಜ್ವರ ಇದೆ’ ಎಂಬಲ್ಲಿ ಯಾರು ಯಾರಿಗೆ ಏನು ಕೊಟ್ಟರು? ‘ಮನೆಗೆ ಎರಡು ಬಾಗಿಲಿವೆ’ ಎಂಬಲ್ಲಿ? ಡಿ. ಎನ್. ಶಂಕರ ಬಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದು, ಶಾಲೆಯ ವ್ಯಾಕರಣ ಸಂಸ್ಕೃತದ ಅಂಗಿಯನ್ನು ಕನ್ನಡಕ್ಕೆ ತೊಡಿಸುತ್ತದೆ ಎಂದು ತೋರಿಸಿಕೊಟ್ಟರು. ಅವರ ಕಾಗುಣಿತದ ಬಗ್ಗೆ ಜಗಳವಾಡಿದಷ್ಟು ಈ ಮಾತಿನ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ತನ್ನ ಭಾಷೆಯಲ್ಲೇ ‘ನನಗೆ ಇದೆ’ ಏನೆಂದು ಯಾರೂ ಹೇಳಿಕೊಡದ ಮಗು ಇನ್ನೊಂದು ಭಾಷೆಯ ಹ್ಯಾವ್ ಅನ್ನು ಯಾವುದರ ಪಕ್ಕ ಇಟ್ಟು ನೋಡಬೇಕು?

ಇಲ್ಲಿ ಎದುರಾಳಿಗಳು ಮೂರು ದಿಕ್ಕಿನಿಂದ ಬರುತ್ತಾರೆ. ಮೊದಲಿನವರು ಕನ್ನಡವನ್ನೇ ಇಂಗ್ಲಿಷ್ ತರಗತಿಯಿಂದ ಹೊರಗಿಟ್ಟವರು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ತಾಯ್ನುಡಿ ನಡುವೆ ಬಂದರೆ ಮಗು ಅನುವಾದ ಮಾಡುತ್ತ ಕೂರುತ್ತದೆ ಎನ್ನುವುದು ಇವರ ವಾದ. ದಿನವಿಡೀ ಇಂಗ್ಲಿಷ್ ಕೇಳುವ ಮನೆಯ ಮೂರು ವರ್ಷದ ಮಗುವಿಗೆ ಈ ಮಾತು ಸರಿಯೇ. ಅದಕ್ಕೆ ಯಾವ ಪಾಠವೂ ಬೇಕಿಲ್ಲ. ಆದರೆ ದಿನಕ್ಕೆ ಒಂದು ಪೀರಿಯಡ್ ಇಂಗ್ಲಿಷ್ ಕೇಳುವ ಹದಿನಾಲ್ಕರ ಹುಡುಗ ಅನುವಾದ ಮಾಡಿಯೇ ಮಾಡುತ್ತಾನೆ. ಬಾಯಿ ಮುಚ್ಚಿಸಿದರೆ ಮನಸ್ಸಿನಲ್ಲಿ ಮಾಡುತ್ತಾನೆ. ಅವನ ‘ಇನ್ ಮೈ ಹೌಸ್ ಫೈವ್ ಮೆಂಬರ್ಸ್ ಆರ್ ದೇರ್’ ಎಂಬ ವಾಕ್ಯ ಏನು? ‘ನಮ್ಮ ಮನೆಯಲ್ಲಿ ಐದು ಜನ ಇದ್ದಾರೆ’ ಎಂಬ ತಪ್ಪಿಲ್ಲದ ಕನ್ನಡ ವಾಕ್ಯ, ಇಂಗ್ಲಿಷ್ ಬಟ್ಟೆ ಹಾಕಿಕೊಂಡಿದೆ. ‘ಮೈ ಬ್ರದರ್ ಹ್ಯಾವ್ ಟೂ ಡಾಟರ್ಸ್’ ಎನ್ನುವಾಗಲೂ ಹಾಗೆಯೇ. ಕನ್ನಡದಲ್ಲಿ ಕ್ರಿಯಾಪದ ಒಡೆಯನ ಕಡೆ ನೋಡುವುದಿಲ್ಲ, ಇರುವವರ ಕಡೆ ನೋಡುತ್ತದೆ: ಅಣ್ಣನಿಗೆ ಒಬ್ಬ ಮಗಳಿದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಅಣ್ಣ ಒಬ್ಬನೇ ಆದರೂ ‘ಇದ್ದಾರೆ’. ಆ ಅಭ್ಯಾಸದವನು ಇಬ್ಬರು ಹೆಣ್ಣುಮಕ್ಕಳನ್ನು ಕಂಡು ಬಹುವಚನದ ‘ಹ್ಯಾವ್’ ಹಾಕಿದರೆ ಆಶ್ಚರ್ಯವೇನು? ಇಂಗ್ಲಿಷಿನಲ್ಲಿ ಒಡೆಯನೇ ಯಜಮಾನ, ಅವನನ್ನು ನೋಡಿ ‘ಹ್ಯಾಸ್’ ಎನ್ನಬೇಕು ಎಂದು ಕನ್ನಡದಲ್ಲಿ ಎರಡು ನಿಮಿಷ ಹೇಳಿದರೆ ಎರಡು ವರ್ಷದ ಕೆಂಪು ಶಾಯಿ ಉಳಿಯುತ್ತದೆ. ಹೇಳಲು ಬಿಡುವುದಿಲ್ಲ. ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಂತೂ ತಪ್ಪಿನ ಕಾರಣ ಹೇಳುವ ಏಕೈಕ ಭಾಷೆಯನ್ನೇ ಬಾಗಿಲಾಚೆ ನಿಲ್ಲಿಸಿವೆ.

ಎರಡನೆಯವರು ಉದಾರಿಗಳು. ಇವರ ಪ್ರಕಾರ ಭಾರತದ ಇಂಗ್ಲಿಷ್ ಭಾರತದ್ದು, ಹ್ಯಾವಿಂಗ್ ಎಂದರೆ ಏನು ಮುಳುಗಿಹೋಯಿತು, ಅರ್ಥವಾಗುತ್ತದಲ್ಲ. ಅರ್ಥವಾಗುತ್ತದೆ, ನಿಜ. ಆ ವಾಕ್ಯಕ್ಕೆ ನಾಚಿಕೊಳ್ಳಬೇಕಾದ್ದೂ ಏನಿಲ್ಲ. ಆದರೆ ಈ ಉಪದೇಶ ಕೊಡುವವರು ತಮ್ಮ ಲೇಖನದಲ್ಲಾಗಲಿ ತಮ್ಮ ಮಕ್ಕಳ ಅರ್ಜಿಯಲ್ಲಾಗಲಿ ಒಮ್ಮೆಯೂ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದು ಬರೆದದ್ದಿಲ್ಲ. ಎರಡೂ ಬಗೆ ಗೊತ್ತಿದ್ದು ಒಂದನ್ನು ಆರಿಸಿಕೊಳ್ಳುವವನ ಸ್ವಾತಂತ್ರ್ಯ ಬೇರೆ, ಒಂದೇ ಗೊತ್ತಿದ್ದವನ ಪಾಡು ಬೇರೆ. ಅಕ್ಕಲಕೋಟೆಯ ಹುಡುಗಿಗೆ ಬೇಕಾದದ್ದು ಮೊದಲನೆಯದು.

ಮೂರನೆಯವರು ನಗುವವರು. ಮುಂಬೈಯ ಕವಿ ನಿಸ್ಸಿಮ್ ಎಜೆಕಿಯಲ್ ಮಿಸ್ ಪುಷ್ಪಾ ಟಿ. ಎಸ್. ಎಂಬಾಕೆಯ ಬೀಳ್ಕೊಡುಗೆಯ ಭಾಷಣವನ್ನು ಕವಿತೆಯಾಗಿ ಬರೆದರು. ಎಲ್ಲ ಕ್ರಿಯಾಪದಕ್ಕೂ ‘ಇಂಗ್’ ಅಂಟಿಸಿಕೊಂಡ ಇಂಗ್ಲಿಷು ಅದು. ಕವಿಯ ಕಿವಿ ಸೂಕ್ಷ್ಮವಾದದ್ದು, ಅದರಲ್ಲಿ ಕಹಿಗಿಂತ ಅಕ್ಕರೆ ಹೆಚ್ಚೇ ಇದೆ ಎನ್ನಬಹುದು. ಆದರೆ ಅಂಥ ಪದ್ಯ ಕಾಲೇಜಿನ ತರಗತಿಗೆ ಬಂದಾಗ ನಡೆಯುವುದು ಬರೀ ನಗು. ಇಂಗ್ಲಿಷ್ ಮಾಧ್ಯಮದಿಂದ ಬಂದ ಮುಂದಿನ ಬೆಂಚು ನಗುತ್ತದೆ. ಹಿಂದಿನ ಬೆಂಚಿನಲ್ಲಿ ಕೂತ ಹಳ್ಳಿಯ ಹುಡುಗ ತಾನೂ ನಗಬೇಕೋ ಬೇಡವೋ ತಿಳಿಯದೆ ಪುಸ್ತಕ ನೋಡುತ್ತಾನೆ. ಯಾಕೆ ಹೀಗೆ ‘ಇಂಗ್’ ಬರುತ್ತದೆ, ನಿಮ್ಮ ನಿಮ್ಮ ಭಾಷೆಯಲ್ಲಿ ಏನಿದೆ ಹೇಳಿ ನೋಡೋಣ ಎಂದು ಕೇಳುವ ಅಧ್ಯಾಪಕರು ಎಷ್ಟು ಜನ ಸಿಕ್ಕಾರು?

ಹ್ಯಾವ್‌ಗೆ ಇನ್ನೊಂದು ಬಳಕೆಯಿದೆ. ಕನ್ನಡಿಗರಿಗೆ ಅದು ಎಲ್ಲಕ್ಕಿಂತ ಸುಲಭವಾಗಬೇಕಿತ್ತು, ಆದರೆ ಅಲ್ಲೇ ಎಲ್ಲರೂ ಎಡವುತ್ತಾರೆ. ಕಟಿಂಗ್ ಅಂಗಡಿಗೆ ಹೋಗಿ ಬಂದವನು ಆಫೀಸಿನಲ್ಲಿ ‘ಐ ಕಟ್ ಮೈ ಹೇರ್ ಯೆಸ್ಟರ್‌ಡೇ’ ಎನ್ನುತ್ತಾನೆ. ಇಂಗ್ಲಿಷ್ ಕಿವಿಗೆ ಅವನೇ ಕನ್ನಡಿ ಮುಂದೆ ನಿಂತು ಕತ್ತರಿ ಆಡಿಸಿದ ಹಾಗೆ ಕೇಳಿಸಬಹುದು. ಟೈಲರಿಗೆ ಕೊಟ್ಟವಳು ‘ಐ ಸ್ಟಿಚ್ಡ್ ಎ ಬ್ಲೌಸ್’ ಎನ್ನುತ್ತಾಳೆ. ಕನ್ನಡದಲ್ಲಿ ಈ ತಪ್ಪನ್ನು ಎಳೆ ಮಗುವೂ ಮಾಡುವುದಿಲ್ಲ. ಕೂದಲು ಕಟ್ ಮಾಡಿಸಿದೆ, ರವಿಕೆ ಹೊಲಿಸಿದೆ, ಮನೆ ಕಟ್ಟಿಸಿದರು, ಗಾಡಿ ರಿಪೇರಿ ಮಾಡಿಸಬೇಕು. ‘ಇಸು’ ಎಂಬ ಒಂದು ಪ್ರತ್ಯಯ, ಕೆಲಸ ಮಾಡಿದವನು ಬೇರೆ, ಮಾಡಿಸಿದವನು ಬೇರೆ ಎಂದು ಗೆರೆ ಎಳೆದು ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಹ್ಯಾವ್‌ನದು: ‘ಐ ಹ್ಯಾಡ್ ಮೈ ಹೇರ್ ಕಟ್’, ‘ಐ ಹ್ಯಾಡ್ ಎ ಬ್ಲೌಸ್ ಸ್ಟಿಚ್ಡ್’. ‘ಇಸು’ ಬಂದ ಕಡೆ ಹ್ಯಾವ್ ಹಾಕು, ವಸ್ತುವನ್ನು ನಡುವೆ ಇಡು, ಕೆಲಸವನ್ನು ಕೊನೆಗೆ ತಳ್ಳು ಎಂದು ಒಂದು ಸಾಲಿನಲ್ಲಿ ಹೇಳಿಬಿಡಬಹುದು. ವಸ್ತುವಿನ ಜಾಗ ಮಾತ್ರ ತಪ್ಪಬಾರದು. ‘ಐ ಹ್ಯಾಡ್ ದ ಕಾರ್ ರಿಪೇರ್ಡ್’ ಎಂದರೆ ಮಾಡಿಸಿದೆ. ‘ಐ ಹ್ಯಾಡ್ ರಿಪೇರ್ಡ್ ದ ಕಾರ್’ ಎಂದರೆ ನಾನೇ ಮಾಡಿದ್ದೆ. ಇಂಗ್ಲಿಷರಲ್ಲೂ ಒಂದು ಕಾಲಕ್ಕೆ ಈ ಎರಡು ಜೋಡಣೆಗಳು ಒಂದರೊಳಗೊಂದು ಬೆರೆತಿದ್ದವು. ಬರೆದ ಪತ್ರ ನನ್ನ ಕೈಯಲ್ಲಿದೆ ಎಂಬ ಒಡೆತನದ ಮಾತೇ ಮೆಲ್ಲಗೆ ಪತ್ರ ಬರೆದಿದ್ದೇನೆ ಎಂಬ ಅರ್ಥಕ್ಕೆ ಜಾರಿದ್ದು. ಹತ್ತನೆಯ ತರಗತಿ ಮುಗಿಸಿದ ಎಷ್ಟು ಕನ್ನಡ ಮಕ್ಕಳು ‘ಇಸು’ ಮತ್ತು ಹ್ಯಾವ್ ಇವೆರಡನ್ನು ಒಂದೇ ಕಪ್ಪುಹಲಗೆಯ ಮೇಲೆ ನೋಡಿದ್ದಾರೆ ಎಂದು ಓದುಗರು ತಮ್ಮ ತಮ್ಮ ಶಾಲೆಯನ್ನು ನೆನೆದು ಹೇಳಬಹುದು.

ಕನ್ನಡದ ದಾರಿ ಎಲ್ಲ ಕಡೆಗೂ ಕರೆದೊಯ್ಯುತ್ತದೆ ಎಂದರೆ ಸುಳ್ಳಾಗುತ್ತದೆ. ‘ನಿನ್ನೆಯೇ ಹೇಳಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ಅದನ್ನು ನಂಬಿ ‘ಐ ಹ್ಯಾವ್ ಟೋಲ್ಡ್ ಹಿಮ್ ಯೆಸ್ಟರ್‌ಡೇ’ ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದ ಹೊತ್ತಿನ ಹೆಸರು ಹೇಳಿದೊಡನೆ ಹ್ಯಾವ್ ಅಲ್ಲಿಂದ ಎದ್ದು ಹೋಗಬೇಕು. ಕಾಫಿ, ತಿಂಡಿ, ಸ್ನಾನಗಳ ಹ್ಯಾವ್ ಕೂಡ ‘ಇರು’ವಿಗೆ ಸಿಗುವುದಿಲ್ಲ; ಅಲ್ಲಿ ಅದು ಕುಡಿ, ತಿನ್ನು, ಮಾಡು. ಅದು ಮಾಡುವ ಕೆಲಸ, ಸುಮ್ಮನೆ ಇರುವ ಸ್ಥಿತಿಯಲ್ಲ. ‘ಹ್ಯಾವಿಂಗ್ ಲಂಚ್’ ಸರಿಯಾಗುವುದೂ ‘ಹ್ಯಾವಿಂಗ್ ಬ್ರದರ್ಸ್’ ತಪ್ಪಾಗುವುದೂ ಈ ಕಾರಣಕ್ಕೆ. ಊಟ ಮಾಡುತ್ತಿದ್ದೇನೆ ಎನ್ನಬಹುದು. ಅಣ್ಣಂದಿರು ಇರುತ್ತಿದ್ದಾರೆ ಎಂದು ಯಾರಾದರೂ ಅಂದಾರೆಯೇ? ಕನ್ನಡದಲ್ಲೇ ಪರೀಕ್ಷೆ ಇದೆ: ಆ ಜಾಗದಲ್ಲಿ ‘ಉತ್ತಿದ್ದೇನೆ’ ಕೂರುತ್ತದೆಯೇ ನೋಡು, ಕೂತರೆ ಹ್ಯಾವಿಂಗ್, ಇಲ್ಲವಾದರೆ ಹ್ಯಾವ್. ಉರುಹೊಡೆಯುವ ಪಟ್ಟಿಗಿಂತ ಇದು ಎಷ್ಟೋ ವಾಸಿ.

ಕೆಟ್ಟ ಪಾಠದ ಬೆಲೆಯನ್ನು ಇಂಗ್ಲಿಷ್ ಕಲಿಯುವವರಷ್ಟೇ ತೆರುತ್ತಿಲ್ಲ, ಕನ್ನಡವೂ ತೆರುತ್ತಿದೆ. ನೋಟುಪುಸ್ತಕದ ‘ಹೊಂದಿರು’ ಈಗ ಅಲ್ಲಿಂದ ಎದ್ದು ಪತ್ರಿಕೆಗೆ ಬಂದಿದೆ. ಕಟ್ಟಡ ಮೂರು ಮಹಡಿಗಳನ್ನು ಹೊಂದಿದೆ. ನಟಿ ಲಕ್ಷಾಂತರ ಅಭಿಮಾನಿಗಳನ್ನು ಹೊಂದಿದ್ದಾರೆ. ಫೋನು ಎರಡು ಕ್ಯಾಮೆರಾಗಳನ್ನು ಹೊಂದಿದೆ. ಹಿಟ್ಟು ರುಬ್ಬುವ ಯಂತ್ರ ಕೂಡ ಬಲಿಷ್ಠ ಮೋಟಾರ್ ಹೊಂದಿದೆ. ‘ನೀವು ನಮ್ಮಲ್ಲಿ ಖಾತೆಯನ್ನು ಹೊಂದಿದ್ದೀರಾ?’ ಎಂದು ಬ್ಯಾಂಕಿನ ಪರದೆ ಕೇಳುತ್ತದೆ. ‘ನಿಮ್ಮ ಖಾತೆ ಇದೆಯೇ?’ ಎಂದರೆ ಅರ್ಧ ಜಾಗ ಸಾಕು. ಕಾನೂನಿನ ಭಾಷೆಗೆ ಬೇಕು ಎಂಬ ಸಮಾಧಾನವೂ ಪೂರ್ತಿ ನಿಲ್ಲುವುದಿಲ್ಲ. ‘ಪರವಾನಗಿ ಹೊಂದಿರುವವರು’ ಎಂಬಲ್ಲಿ ‘ಪರವಾನಗಿ ಇರುವವರು’ ಎಂದರೆ ಯಾವ ಹಕ್ಕೂ ನಷ್ಟವಾಗುವುದಿಲ್ಲ.

ಹೊರನಾಡಿನ ಮನೆಗಳಲ್ಲಿ ಈ ಪೆಟ್ಟು ಇನ್ನೂ ಹತ್ತಿರದಿಂದ ಕಾಣುತ್ತದೆ. ದೆಹಲಿಯಲ್ಲೋ ಗುರುಗ್ರಾಮದಲ್ಲೋ ಹುಟ್ಟಿ ಬೆಳೆದ ಮಗು ಕನ್ನಡ ಕಲಿಯುವುದು ಇಂಗ್ಲಿಷಿನಿಂದ. ಅದಕ್ಕೆ ಹ್ಯಾವ್ ಮೊದಲು ಬಂದಿದೆ, ‘ನನಗೆ ಇದೆ’ ಆಮೇಲೆ ಬರಬೇಕು. ಭಾನುವಾರದ ತರಗತಿಯಲ್ಲಿ ಹ್ಯಾವ್‌ಗೆ ‘ಹೊಂದಿರು’ ಎಂದು ಹೇಳಿಕೊಟ್ಟರೆ, ಆ ಮಗು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಸೋದರತ್ತೆಯ ಮುಂದೆ ‘ನಾನು ಒಂದು ತಂಗಿಯನ್ನು ಹೊಂದಿದ್ದೇನೆ’ ಎನ್ನುತ್ತದೆ. ‘ಹತ್ತಿರ ಇದೆ’ ಎಂದು ಕಲಿತ ಮಗು ‘ನನ್ನ ಹತ್ತಿರ ಒಂದು ತಂಗಿ ಇದೆ’ ಎನ್ನುತ್ತದೆ. ಮನೆಮಂದಿಯೆಲ್ಲ ನಗುತ್ತಾರೆ, ಪ್ರೀತಿಯಿಂದಲೇ. ಮಗು ಮಾತ್ರ ಮರುದಿನದಿಂದ ಹಿಂದಿಯಲ್ಲಿ ಉತ್ತರ ಕೊಡಲು ಶುರುಮಾಡುತ್ತದೆ. ಪುಣೆಯ ಸಂದರ್ಶನದ ಹುಡುಗಿಗೂ ಈ ಮಗುವಿಗೂ ಆದ ಅನ್ಯಾಯ ಒಂದೇ. ಅವಳಿಗೆ ಇತ್ತಲಿಂದ ಅತ್ತ ಹೋಗುವ ಸೇತುವೆ ಮುರಿದಿತ್ತು, ಇದಕ್ಕೆ ಅತ್ತಲಿಂದ ಇತ್ತ.

ಪತ್ರಿಕೆಯಲ್ಲಿ ‘ಹೊಂದಿರು’ ಇನ್ನೂ ಕಾಲಿಡದ ಒಂದು ಮೂಲೆ ಉಳಿದಿದೆ. ಒಳಪುಟದ ನಿಧನ ವಾರ್ತೆಯ ಅಂಕಣ. ಮೇಲಿನ ಸುದ್ದಿಯಲ್ಲಿ ಸಚಿವರು ಆಸ್ತಿಯನ್ನು ಹೊಂದಿರುತ್ತಾರೆ, ಕೆಳಗೆ ಮಾತ್ರ ‘ಅವರಿಗೆ ಪತ್ನಿ, ಒಬ್ಬ ಪುತ್ರ, ಇಬ್ಬರು ಪುತ್ರಿಯರಿದ್ದಾರೆ’ ಎಂದೇ ಬರುತ್ತದೆ. ಇಂಗ್ಲಿಷಿಗೆ ಸತ್ತವರ ವಿಷಯದಲ್ಲಿ ಹ್ಯಾವ್ ಬಳಸಲು ಆಗುವುದಿಲ್ಲ. ಹೋದವರು ಏನನ್ನೂ ಹಿಡಿದುಕೊಂಡಿಲ್ಲ. ಹಾಗಾಗಿ ಅದು ಉಳಿದವರನ್ನು ಕರ್ತೃವಾಗಿಸುವ ಬೇರೆ ಕ್ರಿಯಾಪದ ಹುಡುಕಿಕೊಳ್ಳುತ್ತದೆ. ಕನ್ನಡಕ್ಕೆ ಆ ತೊಂದರೆಯಿ‌ಲ್ಲ. ಅವರು ಹೋದರು, ಮಕ್ಕಳು ಇದ್ದಾರೆ, ಇನ್ನೂ ಅವರಿಗೇ ಇದ್ದಾರೆ.

ಮುಂಬೈ ಮಹಾನಗರಪಾಲಿಕೆ ಈಗಲೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದೆ. ಜತ್ತ, ಅಕ್ಕಲಕೋಟೆಗಳಲ್ಲೂ ಕನ್ನಡ ಶಾಲೆಗಳಿವೆ. ಊರೂರಿನ ಕನ್ನಡ ಸಂಘಗಳು ರಜಾದಿನದ ತರಗತಿಗಳನ್ನು ಮಾಡುತ್ತವೆ. ಇವುಗಳಿಗೆ ಹೊಸ ಪಠ್ಯಪುಸ್ತಕ ಬರುವವರೆಗೆ ಕಾಯಬೇಕಾದ್ದಿಲ್ಲ. ಹಲಗೆಯ ಮೇಲೆ ‘ನನಗೆ ಇದೆ’, ‘ನನ್ನ ಹತ್ತಿರ ಇದೆ’, ‘ಬಂದಿದ್ದೇನೆ’, ‘ಹೋಗೋದಿದೆ’, ‘ಮಾಡಿಸಿದೆ’ ಎಂದು ಒಂದರ ಕೆಳಗೊಂದು ಬರೆದು, ಈ ಐದಕ್ಕೂ ಇಂಗ್ಲಿಷಿನವರು ಒಂದೇ ಪದ ಇಟ್ಟುಕೊಂಡಿದ್ದಾರೆ, ಯಾವುದಿರಬಹುದು ಹೇಳಿ ಎಂದು ಮಕ್ಕಳನ್ನು ಕೇಳಬೇಕು. ‘ಹೊಂದಿರು’ ಎಂಬುದನ್ನು ಜಾತಕಕ್ಕೂ ರವಿಕೆಯ ಬಣ್ಣಕ್ಕೂ ವಾಪಸು ಕೊಡಬೇಕು.